ಸೀಟಿನ ಕಡೆಯಿಂದ ಎಣಿಸಿದರೆ

ಫೆಬ್ರವರಿ 6

ಚಿಕ್ಕಪ್ಪನಿಗೆ,

ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುತ್ತಾ ಕೆಲವು ಹಾಳೆ ಹರಿದೆ. ನೀವು ಅಪ್ಪನ ಒಡಹುಟ್ಟಿದವರಲ್ಲ, ಅವರ ಜೊತೆ ಒಂದೇ ವರ್ಕ್‌ಶಾಪಿನಲ್ಲಿ ದುಡಿದವರು. ಆದರೆ ಚಿಕ್ಕವಳಿದ್ದಾಗ ಬಾಯಿಗೆ ಹತ್ತಿದ್ದು ಇದೊಂದೇ ಮಾತು. ಬೇರೆ ಹೇಗೆ ಕರೆಯಬೇಕೆಂದು ಆಮೇಲೆ ಯಾರೂ ಹೇಳಿಕೊಡಲಿಲ್ಲ.

ಅಪ್ಪ ನವೆಂಬರಿನಲ್ಲಿ ತೀರಿಕೊಂಡರು. ವಿಷಯ ನಿಮಗೆ ತಲುಪಿರಬಹುದು ಎಂದುಕೊಂಡಿದ್ದೇನೆ. ಮೊನ್ನೆ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿಮ್ಮ ಸೊಸೆ, "ಮಾವನಿಗೆ ಫೋನಿನಲ್ಲಿ ಏನೂ ಕೇಳಿಸಲ್ಲ, ಎದುರಿಗೆ ಕೂತು ಕಿರುಚಿದರೂ ಅಷ್ಟಕ್ಕಷ್ಟೆ. ಕಾಗದ ಬರೀರಿ, ಓದ್ತಾರೆ" ಎಂದರು.

ನೀವಿಬ್ಬರೂ ಗುಜರಿಯಿಂದ ತಂದು ಕಟ್ಟಿ ನಿಲ್ಲಿಸಿದ ಟ್ರ್ಯಾಕ್ಟರು ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈಗ ಹೊಸ ಪೆಟ್ರೋಲ್ ಹಾಕಿ ಹ್ಯಾಂಡಲ್ ತಿರುಗಿಸಿದರೆ ಶಬ್ದ ಬರುತ್ತದೆ, ಶುರುವಾಗುವುದಿಲ್ಲ. ಪೇಟೆಯ ಮೆಕ್ಯಾನಿಕ್ ಬಂದು, "ಬ್ಯಾಟರಿ ಎಲ್ಲಿದೆ?" ಎಂದು ಕೇಳಿದ. ಇದಕ್ಕೆ ಬ್ಯಾಟರಿಯೇ ಇಲ್ಲ ಎಂದೆ. ನನ್ನ ಮಾತು ಅವನಿಗೆ ಕೇಳಿಸಲಿಲ್ಲವೇನೋ, ಇನ್ನೊಂದು ಸುತ್ತು ಹುಡುಕಿ ಹೊರಟುಹೋದ.

ಏಪ್ರಿಲ್ ಕೊನೆಗೆ ಈ ಮನೆ ಬಿಡುತ್ತಿದ್ದೇವೆ. ಅಮ್ಮ ಚಿಕ್ಕಮ್ಮನ ಜೊತೆ ಇರುವುದೆಂದು ತೀರ್ಮಾನವಾಗಿದೆ. ಅಲ್ಲಿ ಟ್ರ್ಯಾಕ್ಟರಿಗೆ ಜಾಗವಿಲ್ಲ. ಊರಾಚೆ ತರಕಾರಿ ಬೆಳೆಯುವ ಹೆಂಗಸೊಬ್ಬರು, "ಓಡೋ ಸ್ಥಿತಿಯಲ್ಲಿದ್ರೆ ನಾನು ಇಟ್ಕೋತೀನಿ. ನೋಡೋಕೆ ಅಂತ ನನಗೆ ಬೇಡ" ಎಂದಿದ್ದಾರೆ. ಓಡದಿದ್ದರೆ ಗುಜರಿಯವರು ಬಂದು ಇಲ್ಲೇ ತುಂಡು ಮಾಡಿ ಒಯ್ಯುತ್ತಾರೆ. ಅದನ್ನು ನಿಂತು ನೋಡುವ ಶಕ್ತಿ ನನಗಿಲ್ಲ. ಅಮ್ಮನಿಗೂ ಇಲ್ಲ, ಆದರೆ ಅವಳು ಹಾಗೆ ಹೇಳುವುದಿಲ್ಲ.

ನಿಮ್ಮನ್ನು ಬನ್ನಿ ಎಂದು ಕರೆಯುವ ಧೈರ್ಯ ನನಗಿಲ್ಲ. ಏನು ಮಾಡಬೇಕೆಂದು ಬರೆದು ತಿಳಿಸಿದರೆ ಸಾಕು.

ಸಂಕೋಚದಿಂದ,
ಗುಬ್ಬಿ


ಫೆಬ್ರವರಿ 15

ಗುಬ್ಬಿ,

ಕಾಗದ ಬಂತು.

"ಶಬ್ದ ಬರುತ್ತದೆ" ಅಂತ ಬರೆದಿದ್ದೀಯ. ಶಬ್ದ ಪಾತ್ರೆ ಉರುಳಿದರೂ ಬರುತ್ತೆ. ಎಂಥ ಶಬ್ದ? ನನ್ನ ಕಿವಿ ಇದ್ದಿದ್ದರೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಈಗ ನಿನ್ನ ಅಕ್ಷರದಲ್ಲೇ ಕೇಳಬೇಕು. ಸಾಹಿತ್ಯ ಓದಿದವಳಂತೆ, ಸೊಸೆ ಹೇಳಿದಳು. ಓದಿದ್ದು ಒಂದು ಕೆಲಸಕ್ಕಾದರೂ ಬರಲಿ.

ಎಂಜಿನ್‌ಗೆ ಬೇಕಾದ್ದು ಮೂರು. ಗಾಳಿ, ಪೆಟ್ರೋಲ್, ಕಿಡಿ. ಮೊದಲು ಕಿಡಿ ನೋಡು. ಎಂಜಿನ್ನಿನ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ ಇದೆ, ಅದರಿಂದ ನಾಲ್ಕು ದಪ್ಪ ವೈರು ಹೊರಟು ನಾಲ್ಕು ಪ್ಲಗ್ಗಿಗೆ ಹೋಗುತ್ತವೆ. ಅದೇ ಮ್ಯಾಗ್ನೆಟೋ. ಹ್ಯಾಂಡಲ್ ತಿರುಗಿಸಿದಾಗ ಅದೇ ಕರೆಂಟು ಹುಟ್ಟಿಸುತ್ತೆ, ಬ್ಯಾಟರಿ ಬೇಡ. ಒಂದು ವೈರನ್ನು ಪ್ಲಗ್ಗಿನಿಂದ ಕಿತ್ತು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಅಕ್ಕಿಕಾಳಿನಷ್ಟು ದೂರದಲ್ಲಿ ಇಡು. ಇನ್ನೊಬ್ಬರು ಹ್ಯಾಂಡಲ್ ತಿರುಗಿಸಲಿ. ಕಿಡಿ ಹಾರುತ್ತಾ, ಯಾವ ಬಣ್ಣ, ಎಂಥ ಸದ್ದು, ಬರೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಸುತ್ತಿ ಹಿಡಿಯಬೇಡ. ಕೆಳಗಿನಿಂದ ಮೇಲಕ್ಕೆ ಎಳೆ. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತೆ. ಗೇರು ನ್ಯೂಟ್ರಲ್‌ನಲ್ಲಿದೆಯೋ ನೋಡಿಕೋ.

ಇಂತಿ,
ಕಿವುಡ ಮೆಕ್ಯಾನಿಕ್


ಫೆಬ್ರವರಿ 24

ಚಿಕ್ಕಪ್ಪನಿಗೆ,

ನೀವು ಹೇಳಿದಂತೆ ಮಾಡಿದೆವು. ಹ್ಯಾಂಡಲ್ ನಾನು ಹಿಡಿದೆ, ವೈರು ಅಮ್ಮ ಹಿಡಿದಳು. "ಶಾಕ್ ಹೊಡೆದೀತು, ಕೊಡು" ಎಂದರೆ, "ನಿಮ್ಮಪ್ಪನ ಜೊತೆ ಇಷ್ಟು ವರ್ಷ ಬಾಳಿದ್ದೀನಿ, ಇದೇನು ಮಹಾ" ಎಂದು ಬಿಡಲೇ ಇಲ್ಲ.

ಶಬ್ದಗಳು ಹೀಗಿವೆ. ಹ್ಯಾಂಡಲ್ ಏರುವಾಗ ದಪ್ಪಗಿನವರು ಮೆಟ್ಟಿಲು ಹತ್ತಿದ ಹಾಗೆ "ಉಸ್ಸ್" ಎಂದು ಬಿಗಿಯಾಗುತ್ತದೆ. ಆ ಬಿಗಿ ದಾಟುವ ಹೊತ್ತಿಗೆ ಕಪ್ಪು ಡಬ್ಬಿಯೊಳಗೆ "ಟಕ್" ಎನ್ನುತ್ತದೆ, ಚಿಲಕ ಬಿದ್ದ ಹಾಗೆ. ಆಮೇಲೆ ಸಡಿಲ. ಮತ್ತೆ ಉಸ್ಸ್, ಮತ್ತೆ ಟಕ್. ಅಷ್ಟೆ. ಕಿಡಿ ಹಾರಲಿಲ್ಲ. ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲು ಮಾಡಿ ನೋಡಿದೆವು. ಒಮ್ಮೆ ಕಂಡಿತು ಎಂದು ನನಗನ್ನಿಸಿತು. ಅಮ್ಮ ಇಲ್ಲ ಎಂದಳು.

ಶಬ್ದಕ್ಕೆ ಮಾತು ಹುಡುಕುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. "ಟಕ್" ಎಂದು ಬರೆಯುವ ಮುಂಚೆ "ಟಪ್" ಎಂದು ಬರೆದಿದ್ದೆ. ಮತ್ತೆ ಹೋಗಿ ಕೇಳಿ ಬಂದು ತಿದ್ದಿದೆ.

ಒಂದು ಮಾತು ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಗಾಡಿ ವಿಷಯ ಇಷ್ಟು ಕೇಳ್ತಾನೆ, ಮನುಷ್ಯನ ವಿಷಯ ಒಂದು ಮಾತಿಲ್ಲ" ಎಂದು ಒಳಗೆ ಹೋದಳು. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಉತ್ತರ ನೋಡುತ್ತಾ,
ಗುಬ್ಬಿ


ಮಾರ್ಚ್ 5

ಗುಬ್ಬಿ,

ಟಕ್ ಒಳ್ಳೆಯದು. ಟಪ್ ಆಗಿದ್ದರೆ ಒಳಗಿನ ಸ್ಪ್ರಿಂಗ್ ಹೋಗಿದೆ ಅಂತ. ಮತ್ತೆ ಹೋಗಿ ಕೇಳಿ ಬಂದೆಯಲ್ಲ, ನಿಮ್ಮಪ್ಪನ ಬುದ್ಧಿ ಅದು. ಅವನು ಒಂದೇ ಸದ್ದನ್ನು ಮೂರು ಸಲ ಕೇಳದೆ ಸ್ಪಾನರ್ ಮುಟ್ಟುತ್ತಿರಲಿಲ್ಲ.

ಡಬ್ಬಿಯ ಹಿಂದಿನ ಮುಚ್ಚಳ ತೆಗೆ. ಒಳಗೆ ಎರಡು ಸಣ್ಣ ಲೋಹದ ತುದಿಗಳು ಎದುರುಬದುರು ಇರುತ್ತವೆ. ಪಾಯಿಂಟ್ ಅನ್ನುತ್ತೇವೆ. ಹ್ಯಾಂಡಲ್ ತಿರುಗಿದಾಗ ಮುಟ್ಟುತ್ತವೆ, ಬಿಡುತ್ತವೆ. ಬಿಟ್ಟ ಗಳಿಗೆಯಲ್ಲಿ ಕಿಡಿ ಹುಟ್ಟುತ್ತೆ. ಬಹಳ ದಿನ ಕೆಲಸವಿಲ್ಲದೆ ಕೂತರೆ ಅವುಗಳ ಮೇಲೆ ಬೂದಿಯಂಥ ಪೊರೆ ಕಟ್ಟುತ್ತೆ. ಆಗ ಮುಟ್ಟಿಕೊಂಡಿದ್ದರೂ ಕರೆಂಟು ದಾಟಲ್ಲ. ನುಣುಪಾದ ಉಜ್ಜುಕಾಗದ ಮಡಚಿ, ನಡುವೆ ಇಟ್ಟು ಮೆಲ್ಲಗೆ ಎಳೆ. ಆಮೇಲೆ ಬಿಳಿ ಹಾಳೆಯ ಪಟ್ಟಿ ಎಳೆ, ಅದು ಕಪ್ಪಾಗದೆ ಬರುವವರೆಗೆ. ಪೂರ್ತಿ ಬಿಟ್ಟಾಗ ನಡುವೆ ಒಂದು ಪೋಸ್ಟ್ ಕಾರ್ಡು ಹಿಡಿಸುವಷ್ಟು ಸಂದಿ ಇರಬೇಕು.

ಅತ್ತಿಗೆ ಅಂದ ಮಾತಿಗೆ ಏನು ಬರೆಯಲಿ. ನಾನು ಯಾಕೆ ವರ್ಕ್‌ಶಾಪು ಬಿಟ್ಟು ಹೋದೆ ಅಂತ ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಗಿರಾಕಿಗಳು ನಿಂತಿದ್ದರು. ನಾನು ಒಂದು ಎಂಜಿನ್ನಿಗೆ ಕಿವಿ ಕೊಟ್ಟು ನೋಡುತ್ತಿದ್ದೆ. ನಿಮ್ಮಪ್ಪ ನನ್ನ ಭುಜ ಹಿಡಿದು ಸರಿಸಿ, "ಇವನಿಗೆ ಕಿವಿ ಹೋಗಿದೆ, ನಾನು ನೋಡ್ತೀನಿ ಬಿಡಿ" ಅಂದ. ಅವನು ಹೇಳಿದ್ದು ನಿಜ. ಸುಳ್ಳಾಗಿದ್ದರೆ ಅಲ್ಲೇ ನಿಂತು ಜಗಳವಾಡುತ್ತಿದ್ದೆ. ನಿಜವಾದ್ದರಿಂದ ಚೀಲ ಎತ್ತಿಕೊಂಡು ಹೊರಟೆ. ಆಮೇಲೆ ಅವನು ಬರಲಿಲ್ಲ, ನಾನು ಹೋಗಲಿಲ್ಲ.

ಪಾಯಿಂಟಿಗೆ ಎಣ್ಣೆ ತಾಗಿಸಬೇಡ.

ಕಿವುಡ ಮೆಕ್ಯಾನಿಕ್


ಏಪ್ರಿಲ್ 2

ಚಿಕ್ಕಪ್ಪನಿಗೆ,

ತಡವಾಯಿತು. ಅಮ್ಮನಿಗೆ ಜ್ವರ ಬಂದಿತ್ತು, ನಡುವೆ ಮನೆ ಸಾಮಾನು ಕಟ್ಟುವ ಕೆಲಸ.

ಪಾಯಿಂಟ್ ಉಜ್ಜಿದೆ. ಮೊದಲ ಪಟ್ಟಿ ಹೆಂಚಿನ ಮಸಿಯಂತೆ ಕಪ್ಪಾಗಿ ಬಂತು, ಕೊನೆಗೆ ಬಿಳಿಯಾಗಿ ಬಂತು. ಈಗ ಕಿಡಿ ಹಾರುತ್ತದೆ. ನೀಲಿ ಬಣ್ಣ, "ಚಟ್" ಎನ್ನುತ್ತದೆ, "ಚಿಟ್" ಅಲ್ಲ. ಅಮ್ಮ ಕೈ ಹಿಂದಕ್ಕೆಳೆದುಕೊಂಡು, "ಬಂತಲ್ಲ ಜೀವ" ಎಂದಳು.

ಆ ಉತ್ಸಾಹದಲ್ಲಿ ನಾಲ್ಕೂ ವೈರು ಕಿತ್ತು, ಒರೆಸಿ, ಪ್ಲಗ್ಗುಗಳನ್ನೂ ಉಜ್ಜಿ, ಅಪ್ಪನ ಕಪಾಟಿನಲ್ಲಿದ್ದ ಗಾಡಿಯ ಪುಸ್ತಕ ತೆರೆದು, ಅದರ ಚಿತ್ರದಲ್ಲಿ ಇದ್ದಂತೆಯೇ ಮತ್ತೆ ಹಾಕಿದೆ. ಒಂದೊಂದನ್ನೂ ಎರಡೆರಡು ಸಲ ಹೋಲಿಸಿ ನೋಡಿದ್ದೇನೆ. ಆದರೂ ಶುರುವಾಗುತ್ತಿಲ್ಲ. ಮೊದಲು ಸುಮ್ಮನಿದ್ದ ಗಾಡಿ ಈಗ ಸೀನುತ್ತದೆ. ಬೇರೆ ಮಾತು ಸಿಗಲಿಲ್ಲ. ಗಾಳಿ ಒಳಗೆ ಹೋಗಬೇಕಾದ ಬಾಯಿಂದ "ಫಕ್" ಎಂದು ಹೊಗೆ ಹಿಂದಕ್ಕೆ ಬರುತ್ತದೆ. ನಿನ್ನೆ ಸಣ್ಣ ಜ್ವಾಲೆಯೂ ಬಂತು. ನನ್ನ ಹುಬ್ಬು ಸ್ವಲ್ಪ ಸುಟ್ಟಿದೆ, ಗಾಬರಿಯಾಗಬೇಡಿ.

ಅಮ್ಮ ಈಗ "ಬಿಟ್ಟುಬಿಡು" ಎನ್ನುತ್ತಿದ್ದಾಳೆ. "ಅದಕ್ಕೂ ಇಲ್ಲಿಂದ ಹೋಗೋ ಮನಸ್ಸಿಲ್ಲ, ಕಾಟ ಕೊಡಬೇಡ." ತರಕಾರಿಯವರು ಮೊನ್ನೆ ಬಂದು ನೋಡಿ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದರು. ಗುಜರಿಯವನು ಬಂದು ಟೇಪು ಹಿಡಿದು ಅಳೆದುಕೊಂಡು ಹೋದ. ಬದುಕಿರುವವರನ್ನು ಅಳೆದ ಹಾಗಿತ್ತು.

ಇನ್ನು ಏನು ಮಾಡಲಿ?

ಗುಬ್ಬಿ


ಏಪ್ರಿಲ್ 8

ಗುಬ್ಬಿ,

"ಸೀನುತ್ತದೆ" ಅನ್ನುವುದನ್ನು ಓದಿ ಎದ್ದು ಕೂತೆ. ಅದಕ್ಕಿಂತ ಸರಿಯಾದ ಮಾತಿಲ್ಲ.

ಕಿಡಿ ಬರುತ್ತಿದೆ, ಪೆಟ್ರೋಲೂ ಬರುತ್ತಿದೆ, ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿದೆ. ಕಿಡಿ ಬೇಕಾದ ಸಿಲಿಂಡರಿನಲ್ಲಿ ಬೀಳದೆ ಬೇರೆಯದರಲ್ಲಿ ಬೀಳುತ್ತಿದೆ. ಪುಸ್ತಕದ್ದು ತಪ್ಪಲ್ಲ, ನಿನ್ನದೂ ಅಲ್ಲ. ತಪ್ಪು ಆ ಗಾಡಿಯಲ್ಲೇ ಇದೆ. ಅದು ನಾವು ಮಾಡಿದ್ದು.

ಅದು ನಮ್ಮ ಮೊದಲನೇ ಸ್ವಂತ ಗಾಡಿ. ಹೊಸದಾಗಿ ಜೊತೆಯಾಗಿದ್ದೆವು. ಮ್ಯಾಗ್ನೆಟೋ ಕೂರಿಸುವಾಗ ಒಂದನೇ ಸಿಲಿಂಡರಿನಲ್ಲಿ ಗಾಳಿ ಒತ್ತಿ ತುಂಬಿದ ಗಳಿಗೆ ನೋಡಿ ಕೂರಿಸಬೇಕು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಗಾಳಿ ಬೆರಳನ್ನು ತಳ್ಳುತ್ತೆ. ಬೆರಳು ಹಿಡಿದವನು ನಾನು. "ಒಂದನೇದು ಬಂತು" ಅಂದೆ, ಅವನು ಕೂರಿಸಿ ಬಿಗಿ ಮಾಡಿದ. ಆಮೇಲೆ ದಿನವಿಡೀ ಹ್ಯಾಂಡಲ್ ತಿರುಗಿಸಿದೆವು, ಹೀಗೇ ಸೀನುತ್ತಿತ್ತು. ಕೊನೆಗೆ ಗೊತ್ತಾದದ್ದು ಏನು? ಅವನ ಒಂದನೇ ಸಿಲಿಂಡರ್ ಮುಂದೆ, ರೇಡಿಯೇಟರ್ ಕಡೆ. ಎಲ್ಲರ ಒಂದೂ ಅಲ್ಲೇ. ನಾನು ಅದುವರೆಗೆ ಓಡಿಸುವ ಕೆಲಸದಲ್ಲಿ ಇದ್ದವನು, ಸೀಟಿನ ಕಡೆಯಿಂದ ಎಣಿಸುತ್ತಿದ್ದೆ. ನನ್ನ ಒಂದು ಅವನ ನಾಲ್ಕು.

ಬಿಚ್ಚಿ ಸರಿಯಾಗಿ ಕೂರಿಸೋಣ ಅಂದೆ. ಅವನಿಗೆ ನಗು ತಡೆಯಲಾಗಲಿಲ್ಲ. ವೈರುಗಳನ್ನು ಹಿಂದುಮುಂದು ಮಾಡಿ ಹಾಕಿದ, ಗಾಡಿ ಶುರುವಾಯಿತು. "ಇರಲಿ ಬಿಡೋ, ನಿನ್ನ ಲೆಕ್ಕಕ್ಕೂ ಒಂದು ಗಾಡಿ ಇರಲಿ" ಅಂದ.

ಅದಕ್ಕೆ ನೀನು ಪುಸ್ತಕದ ಚಿತ್ರವನ್ನೇ ನೋಡು, ಆದರೆ ಪ್ಲಗ್ಗುಗಳನ್ನು ಸೀಟಿನ ಕಡೆಯಿಂದ ಎಣಿಸು. ಒಂದಕ್ಕೆ ಹಾಕಿದ ವೈರು ನಾಲ್ಕಕ್ಕೆ ಹೋಗಲಿ, ನಾಲ್ಕರದು ಒಂದಕ್ಕೆ. ಎರಡು ಮೂರಕ್ಕೆ, ಮೂರು ಎರಡಕ್ಕೆ.

ಆದರೆ ಒಂದು ಮಾತು. ನಾನು ಹೋದ ಮೇಲೆ ನಿಮ್ಮಪ್ಪ ಅದನ್ನು ಬಿಚ್ಚಿ ಸರಿಪಡಿಸಿಕೊಂಡಿರಬಹುದು. ಅವನ ಜಾಗದಲ್ಲಿ ಇನ್ನು ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಹಾಗಿದ್ದರೆ ನಾನು ಹೇಳಿದ್ದರಿಂದ ಏನೂ ಆಗಲ್ಲ, ಸೀನೂ ನಿಲ್ಲಲ್ಲ. ಆಮೇಲೆ ನನಗೆ ಬೇರೇನೂ ತೋಚಲ್ಲ. ಗುಜರಿಯವನಿಗೆ ಕೊಟ್ಟುಬಿಡು.

ಮುಖ ದೂರ ಇಟ್ಟುಕೊಂಡು ತಿರುಗಿಸು.

ಕಿವುಡ ಮೆಕ್ಯಾನಿಕ್


ಏಪ್ರಿಲ್ 13

ಚಿಕ್ಕಪ್ಪನಿಗೆ,

ಶುರುವಾಯಿತು.

ಸೀಟಿನ ಕಡೆಯಿಂದ ಎಣಿಸಿ ವೈರು ಹಾಕಿದೆ. ಮೊದಲ ಎಳೆತಕ್ಕೆ ಏನೂ ಇಲ್ಲ. ಸೀನಲೂ ಇಲ್ಲ, ಅಷ್ಟಕ್ಕೇ ಇನ್ನೊಮ್ಮೆ ಹ್ಯಾಂಡಲ್ ಹಿಡಿದೆ. ಮುಂದಿನ ಎಳೆತಕ್ಕೆ ಹ್ಯಾಂಡಲ್ ತಾನಾಗಿ ಕೈ ಬಿಟ್ಟುಹೋಯಿತು. ಮೊದಲು ಎರಡು ಕೆಮ್ಮು, ಆಮೇಲೆ ನಿಧಾನವಾದ ಡುಗು ಡುಗು, ಆಮೇಲೆ ಬಿಡಿಬಿಡಿಯಾಗಿದ್ದದ್ದು ಕೂಡಿಕೊಂಡು ಒಂದೇ ದನಿಯಾಯಿತು. ಗೋಡೆಯ ಮೇಲೆ ನೇತುಹಾಕಿದ್ದ ಸ್ಪಾನರ್‌ಗಳೆಲ್ಲ ಸಣ್ಣಗೆ ನಡುಗಿದವು. ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಹೋದಾಗಿನಿಂದ ಅವಳು ನನ್ನ ಎದುರಿಗೆ ಅತ್ತಿರಲಿಲ್ಲ. ಅವತ್ತೂ ಅಳುವಿನ ಸದ್ದು ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಭುಜ ಅಲುಗಿದ್ದು ಕಂಡಿತು.

ನಿಲ್ಲಿಸಿದ ಮೇಲೆ ನಿಮ್ಮ ಕಾಗದ ಓದಿ ಹೇಳಿದೆ. "ಸರಿಪಡಿಸಿಕೊಂಡಿರಬಹುದು ಅಂತ ಬರೆದಿದ್ದಾನಾ?" ಎಂದು ಕೇಳಿದಳು. ಆಮೇಲೆ ಹೇಳಿದ್ದು ಇದು. ನೀವು ಹೋದ ಮರುವರ್ಷ ಅಪ್ಪ ಆ ಎಂಜಿನ್ನನ್ನು ಪೂರ್ತಿ ಬಿಚ್ಚಿದ್ದರಂತೆ. ಪಿಸ್ಟನ್ನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಒಣಗಿಸಿದವಳು ಅಮ್ಮನೇ. ಮ್ಯಾಗ್ನೆಟೋ ಎಷ್ಟೋ ದಿನ ಊಟದ ಮೇಜಿನ ಮೇಲೆ ಇತ್ತಂತೆ.

ಹಾಗಾದರೆ ಎಲ್ಲವನ್ನೂ ಹೊಸದಾಗಿ ಜೋಡಿಸಿದ್ದಾರೆ. ಸರಿಯಾಗಿ ಕೂರಿಸಲು ಅಡ್ಡಿಯೇನೂ ಇರಲಿಲ್ಲ. "ಮರೆತಿರಬಹುದಾ?" ಎಂದೆ. ಅಮ್ಮ, "ಅವರು ಮರೆಯೋ ಪೈಕಿನಾ?" ಎಂದಳು.

ನನಗೆ ಯಂತ್ರದ ವಿಷಯ ಅಷ್ಟು ತಿಳಿಯದು. ಮರೆವಿನಿಂದ ಹಾಗೆ ಆಗಲು ಸಾಧ್ಯವೇ?

ತರಕಾರಿಯವರು ಇಪ್ಪತ್ತೆಂಟಕ್ಕೆ ಬಂದು ಒಯ್ಯುತ್ತಾರೆ.

ನಿಮ್ಮ,
ಗುಬ್ಬಿ


ಏಪ್ರಿಲ್ 19

ಗುಬ್ಬಿ,

ಸಾಧ್ಯವಿಲ್ಲ.

ಇಪ್ಪತ್ತೇಳಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಗಾಡಿಯನ್ನು ಹಾಗೇ ಆ ಹೆಂಗಸಿಗೆ ಕೊಡುವುದು ಸರಿಯಲ್ಲ. ಯಾರೋ ಒಂದು ದಿನ ಪುಸ್ತಕ ನೋಡಿ ವೈರು ಹಾಕುತ್ತಾರೆ, ಅದು ಸೀನುತ್ತೆ, ಯಾಕೆ ಅಂತ ಕೇಳಲು ಇನ್ನು ಯಾರಿರುತ್ತಾರೆ?

ಅಡುಗೆ ಅದು ಇದು ಅಂತ ಅತ್ತಿಗೆ ಹಚ್ಚಿಕೊಳ್ಳುವುದು ಬೇಡ. ಬೈಯುವುದಿದ್ದರೆ ಬೈಯಲಿ, ನನಗೆ ಹೇಗೂ ಕೇಳಿಸಲ್ಲ.

ಚಿಕ್ಕಪ್ಪ


ಮೇ 4

ಚಿಕ್ಕಪ್ಪನಿಗೆ,

ಚಿಕ್ಕಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಬೀದಿಯ ಕಡೆಯ ಕೋಣೆ ಕೊಟ್ಟಿದ್ದಾರೆ. ಕಿಟಕಿಯ ಪರದೆ ಸರಿಯಿಲ್ಲ ಎಂದು ಬಂದ ದಿನವೇ ಇಬ್ಬರೂ ಅಕ್ಕತಂಗಿಯರು ವಾದಕ್ಕೆ ನಿಂತಿದ್ದಾರೆ. ಹಾಗಾಗಿ ಎಲ್ಲ ಕ್ಷೇಮ.

ನೀವು ಬಂದ ದಿನ ನಾನು ಹೆಚ್ಚು ಮಾತಾಡಲಿಲ್ಲ. ನನ್ನ ದನಿ ನಿಮಗೆ ಮುಟ್ಟುವುದಿಲ್ಲ, ಕಿರುಚಲು ನನಗೆ ಬರುವುದಿಲ್ಲ. ಅದಕ್ಕೆ ನೋಡುತ್ತಾ ಕೂತೆ. ಮ್ಯಾಗ್ನೆಟೋ ಬಿಚ್ಚಿ ಕೆಳಗಿಟ್ಟ ಮೇಲೆ ನೀವು ರೇಡಿಯೇಟರ್ ಕಡೆಯ ಪ್ಲಗ್ ತೆಗೆದು ಅಲ್ಲಿ ಹೆಬ್ಬೆರಳು ಒತ್ತಿ, ನನಗೆ ಹ್ಯಾಂಡಲ್ ತಿರುಗಿಸಲು ಸನ್ನೆ ಮಾಡಿದಿರಿ. ಗಾಳಿ ಬೆರಳನ್ನು ತಳ್ಳಿದಾಗ "ಬಂತು" ಎಂದಿರಿ. ಶೆಡ್ಡಿನಲ್ಲಿ ಇದ್ದದ್ದು ನಾವು ಇಬ್ಬರೇ, ಆದರೆ ನೀವು ಅದನ್ನು ಹೇಳಿದ್ದು ನನಗಲ್ಲ ಎಂದು ಗೊತ್ತು.

ಇನ್ನೊಂದು ವಿಷಯ. ನೀವು ಬೋಲ್ಟು ಬಿಗಿಮಾಡುತ್ತಿದ್ದಾಗ ಅಮ್ಮ ಚಹಾ ಹಿಡಿದು ನಿಮ್ಮ ಬೆನ್ನ ಹಿಂದೆ ನಿಂತಿದ್ದಳು. ನೀವು ತಿರುಗಿ ನೋಡಲಿಲ್ಲ. ಲೋಟ ಹಿಡಿದುಕೊಂಡೇ ನಿಮ್ಮ ಬೆನ್ನಿಗೆ ಮಾತಾಡಿದಳು. "ಬರಬಾರದಿತ್ತು ಕಣೋ ನೀನು. ಬರದೇ ಇದ್ದಿದ್ರೆ ಸಾಯೋವರೆಗೂ ನಿನ್ನ ಬೈಕೊಂಡಿರ್ತಿದ್ದೆ. ಈಗ ಅದೂ ಇಲ್ಲ." ಆಮೇಲೆ ಭುಜ ಮುಟ್ಟಿ ಲೋಟ ಕೊಟ್ಟಳು. ನೀವು "ಸಕ್ಕರೆ ಹಾಕಿಲ್ಲ ತಾನೇ ಅತ್ತಿಗೆ?" ಎಂದಿರಿ. ಅವಳು ನನ್ನ ಕಡೆ ನೋಡಿ, "ಅದನ್ನ ಅವನಿಗೆ ಬರೆದು ಹಾಕು" ಎಂದಳು. ಬರೆದಿದ್ದೇನೆ.

ಮರುದಿನ ತರಕಾರಿಯವರು ಬಂದರು. ವೈರುಗಳು ಹೇಗೆ ಎಂದು ಕೇಳಿದರು. ಪುಸ್ತಕದಲ್ಲಿ ಇರುವ ಹಾಗೇ ಎಂದೆ. ಅವರು ಪುಸ್ತಕವನ್ನು ಚಕ್ರದ ಮೇಲಿನ ತಗಡಿನ ಮೇಲೆ ತೆರೆದಿಟ್ಟು, ಒಂದೊಂದೇ ನೋಡಿಕೊಂಡು, ತಾವೇ ಹ್ಯಾಂಡಲ್ ತಿರುಗಿಸಿದರು. ಶುರುವಾಯಿತು. ನೀವು ಸರಿಪಡಿಸಿದ್ದು ಸರಿಯಾಗಿದೆ ಎಂದು ಸಂತೋಷಪಡಬೇಕಾಗಿತ್ತು. ಯಾಕೋ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅವರು ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂತು, ಒಮ್ಮೆಯೂ ನಿಲ್ಲಿಸದೆ ರಸ್ತೆಗೆ ಇಳಿಸಿದರು. ಸೋಮವಾರ ಉಳುಮೆಯಂತೆ.

ನಿಮ್ಮ ಪ್ರೀತಿಯ,
ಗುಬ್ಬಿ


ಮೇ 11

ಗುಬ್ಬಿ,

ಕಾಗದ ಬಂತು. ಅತ್ತಿಗೆ ಅಂದದ್ದು ಸರಿಯಾಗಿದೆ. ಇನ್ನೂ ಬೈಯುವುದಿದ್ದರೆ ಬರೆಸಿ ಕಳಿಸಲಿ, ಎಷ್ಟು ಹಾಳೆಯಾದರೂ ಆಗಲಿ.

ಇಷ್ಟು ದಿನ ಗಾಡಿಯ ವಿಷಯ ಒಂದಿತ್ತು, ಅದನ್ನೇ ಕೇಳಿದೆ. ಈಗ ಗಾಡಿ ಇಲ್ಲ.

ಅವನು ಹೇಗೆ ಹೋದ? ನೋವು ಬಹಳ ಇತ್ತಾ? ಮಾತು ಇತ್ತಾ? ಹತ್ತಿರ ಯಾರಿದ್ದಿರಿ? ಕೊನೆಕೊನೆಗೆ ಏನು ತಿನ್ನುತ್ತಿದ್ದ, ನಿದ್ದೆ ಬರುತ್ತಿತ್ತೋ ಇಲ್ಲವೋ, ಎಲ್ಲ ಬರೆ. ಚೆನ್ನಾಗಿ ಬರೆಯಲು ಹೋಗಬೇಡ. ನಾನು ಅಲ್ಲಿರಲಿಲ್ಲ, ನನಗೆ ಇದ್ದದ್ದು ಇದ್ದ ಹಾಗೆ ಬೇಕು.

ಚಿಕ್ಕಪ್ಪ